ಗುಕಾರದ ಕೊಂಬು

ಕಲ್ಲಿನ ಮೇಲೆ ಇಲ್ಲದ ಅಕ್ಷರಗಳನ್ನು ನಾನು ಮೊದಲ ಬಾರಿಗೆ ಕಂಡದ್ದು ಒಬ್ಬ ಅಡುಗೆಯ ಹೆಣ್ಣುಮಗಳ ಮೊಬೈಲಿನಲ್ಲಿ. ಸೋಮವಾರ ಬೆಳಿಗ್ಗೆ ಅವಳು ಬ್ಯಾಡಗಿ ಕಡೆಯ ಬಸ್ಸಿನಿಂದಿಳಿದು, ಓಣಿ ಓಣಿಯಲ್ಲಿ ವಿಳಾಸ ಕೇಳಿಕೊಂಡು, ಹಾವೇರಿಯ ನನ್ನ ಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ನಾನು ಮೂವತ್ತು ವರ್ಷಗಳ ಹಿಂದೆ ಅಚ್ಚು ಹಾಕಿಸಿದ್ದ ವೀರಗಲ್ಲುಗಳ ಕಿರುಪುಸ್ತಕವಿತ್ತು. ಮಾಸಿ ಹಳದಿಯಾದರೂ ಪ್ಲಾಸ್ಟಿಕ್ ಹೊದಿಕೆಯೊಳಗೆ ಜೋಪಾನವಾಗಿತ್ತು.

"ಅಜ್ಜಾರ, ಈ ಪುಸ್ತಕ ಬರದವ್ರು ನೀವ ಅಲ್ರಿ?"

"ಹೌದು ತಂಗಿ. ಒಳಗ ಬಾ, ಕುಂದ್ರು."

"ಕುಂದ್ರಾಕ ಬಂದಿಲ್ರಿ. ಮೊದ್ಲ ಇದನ್ನ ನೋಡ್ರಿ."

ಮೂರು ನಿಮಿಷದ ವಿಡಿಯೊ. ಬೆಣ್ಣೆ ಹಚ್ಚಿದಂತೆ ಹೊಳೆಯುವ ಮುಖದ ಒಬ್ಬ ತರುಣಿ ಬಿಳಿಯ ಕುದುರೆಯ ಮೇಲೆ ಕುಳಿತು ಕತ್ತಿ ಎತ್ತಿದ್ದಳು. ಅವಳ ಹಿಂದೆ ಹಿಮ ಹೊದ್ದ ಬೆಟ್ಟಗಳಿದ್ದವು. ಬ್ಯಾಡಗಿಯ ಸುತ್ತ ಅಂಥ ಬೆಟ್ಟ ಯಾವ ಯುಗದಲ್ಲೂ ಇರಲಿಲ್ಲ. ಯಾವ ಊರಿನದೂ ಅಲ್ಲದ ಕನ್ನಡದಲ್ಲಿ ಒಂದು ಗಂಡುದನಿ ಕಥೆ ಹೇಳಿತು. ದನಗಳ್ಳರು ಊರಿಗೆ ಬಿದ್ದರಂತೆ. ಬೊಪ್ಪನೆಂಬ ವೀರನೂ ಅವನ ಮಗಳು ಚಿಕ್ಕವ್ವೆಯೂ ಕಾದಿ ಮಡಿದರಂತೆ. ಊರನ್ನು ಎಚ್ಚರಿಸಬೇಕಾಗಿದ್ದ ಗಂಟೆಯವನು ಕಳ್ಳರಿಂದ ಚಿನ್ನ ಪಡೆದು ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದ್ದನಂತೆ. ಕೊನೆಯಲ್ಲಿ ದನಿ ನಡುಗಿತು: "ಆ ದ್ರೋಹಿಯ ವಂಶ ಇಂದಿಗೂ ಪ್ರಾಯಶ್ಚಿತ್ತವಾಗಿ ಆ ಕಲ್ಲಿಗೆ ಎಣ್ಣೆ ಸುರಿಯುತ್ತಿದೆ."

ಆ ಹೆಣ್ಣುಮಗಳು ಗಂಟೆಯವರ ಮನೆಯ ಸೊಸೆ. ಮೋಟೆಬೆನ್ನೂರಿನ ದಾರಿಯಿಂದ ಒಳಕ್ಕೆ ಹೊರಳಿದರೆ ಸಿಗುವ ಊರು ಅವಳದು. ಅದರ ಹೆಸರು ಬರೆಯುವುದಿಲ್ಲ, ಆ ಹೆಸರು ಈಗಾಗಲೇ ಸಾಕಷ್ಟು ಅನುಭವಿಸಿದೆ. ಅಲ್ಲಿ ಕೆರೆಯ ಏರಿಯ ಕೆಳಗೆ ಒಂದು ವೀರಗಲ್ಲಿದೆ. ಪ್ರತಿ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಹಾಕುವ ಹಕ್ಕು ಅವಳ ಮನೆತನದ್ದು.

"ಹೋದ ಅಮಾಸಿಗೆ ಕಲ್ಲು ಮುಟ್ಟಾಕ ಬಿಡಲಿಲ್ರಿ," ಎಂದಳು. "ಅದು ಹೋಗಲಿ ಅಂದ್ರ, ಸಾಲ್ಯಾಗ ಬಿಸಿಯೂಟ ಮಾಡಾಕತ್ತು ಹನ್ನೊಂದು ವರ್ಷಾತು. ಈಗ ನಾ ಬಡಸಾಕ ಬಂದ್ರ ಹುಡುಗ್ರು ತಾಟಿಗೆ ಚಮಚ ಹೊಡದು ಟಣ್ ಟಣ್ ಅಂತಾವ. ದ್ರೋಹಿ ಕೈಯಾಗಿಂದು ಉಣಬ್ಯಾಡ್ರಿ ಅಂತ ಮನ್ಯಾಗ ಹೇಳಿ ಕಳಸ್ಯಾರ. ಬೇಸ್ತವಾರ ಸಮಿತಿ ಮೀಟಿಂಗ್ ಐತ್ರಿ, ನನ್ನ ತಗಿಯೋದಕ್ಕ." ಅವಳು ಪುಸ್ತಕವನ್ನು ನನ್ನತ್ತ ಚಾಚಿದಳು. "ಖರೇ ಹೇಳ್ರಿ. ನೀವು ಹಿಂಗ ಬರದೀರೇನ್ರಿ?"

"ಇಲ್ಲ ತಂಗಿ. ಇದು ಯಾವನೋ ಎಐ ಕೈಲೆ ಮಾಡಿಸಿದ ಸುಳ್ಳು."

ನಾನು ಅಷ್ಟು ಬೇಗ ಉತ್ತರ ಕೊಡಬಾರದಾಗಿತ್ತು.

ಅವಳನ್ನು ಬಸ್ಸಿಗೆ ಕಳಿಸಿ, ಆ ವಿಡಿಯೊವನ್ನು ನನ್ನ ಮೊಬೈಲಿಗೆ ತರಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಾನು ಶಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಅಕ್ಷರವನ್ನು ಕಲಿತದ್ದು ಅಚ್ಚುಕೂಟದಲ್ಲಿ, ಸೀಸದ ಮೊಳೆ ಜೋಡಿಸುತ್ತ, ಎಲ್ಲವನ್ನೂ ಕನ್ನಡಿಯೊಳಗಿನ ಹಾಗೆ ತಿರುವುಮುರುವಾಗಿ ಓದುತ್ತ. ಆದ್ದರಿಂದ ಅಕ್ಷರದ ಮೈಯಲ್ಲಿ ಸುಳ್ಳಿದ್ದರೆ ನನ್ನ ಕಣ್ಣು ಅದನ್ನು ಬಿಡುವುದಿಲ್ಲ. ವಿಡಿಯೊದ ನಡುವೆ ಒಂದು ಶಿಲಾಶಾಸನ ಬರುತ್ತದೆ. ಅದರ ಮೇಲಿನ ಇಪ್ಪತ್ತೆಂಟು ಗುರುತುಗಳನ್ನು ಕಾಗದಕ್ಕಿಳಿಸಿದೆ. ನಾಲ್ಕು ಮಾತ್ರ ಕನ್ನಡ. ಉಳಿದವು ಕಾದ ಹೆಂಚಿನ ಮೇಲೆ ಬೆಣ್ಣೆಯ ಮುದ್ದೆ ಇಟ್ಟಂತೆ ಕರಗಿ ಹರಿದ ಆಕಾರಗಳು. ಒಂದಕ್ಕೆ ಎರಡು ತಲೆಕಟ್ಟು, ಇನ್ನೊಂದಕ್ಕೆ ಒತ್ತಿನ ಕೆಳಗೆ ಮತ್ತೊಂದು ಒತ್ತು.

ಇದನ್ನೇ ವಿವರವಾಗಿ ವಿಡಿಯೊದ ಕೆಳಗೆ ಬರೆದೆ. ಅರ್ಧ ಗಂಟೆಯೊಳಗೆ ಬಂದ ಉತ್ತರಗಳಲ್ಲಿ ಒಂದು ಹೀಗಿತ್ತು: "ಮೊದಲು ಮೂಲ ಪುಸ್ತಕ ಓದಿ ಬಾ ಮುದುಕಾ." ಆ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು, ನಾನೇ ಬರೆದದ್ದು. ವಿಡಿಯೊ ತೆಗೆಸಲು ಆ ಜಾಲತಾಣಕ್ಕೆ ದೂರಿನ ಗುಂಡಿ ಒತ್ತಿದೆ. ನಿಯಮದ ಉಲ್ಲಂಘನೆ ಕಂಡುಬಂದಿಲ್ಲವೆಂಬ ಉತ್ತರ ಬಂತು, ಅದೂ ಮನುಷ್ಯ ಬರೆದದ್ದಲ್ಲ. ಹಾವೇರಿಯಲ್ಲಿ ಪೊಲೀಸರಿಗೆ ಲಿಖಿತ ದೂರನ್ನೂ ಕೊಟ್ಟೆ. ಅಲ್ಲಿನ ಅಧಿಕಾರಿ ಗೌರವದಿಂದಲೇ ಸ್ವೀಕರಿಸಿ, ರಸೀದಿ ಕೊಟ್ಟು, ವಿಚಾರಣೆಗೆ ಸಮಯ ಹಿಡಿಯುತ್ತದೆ ಎಂದರು. ಅವರದು ತಪ್ಪಲ್ಲ. ಆದರೆ ಗುರುವಾರಕ್ಕೆ ಮುಂಚೆ ಉಳಿದದ್ದು ಎರಡೇ ದಿನ.

ವಿಡಿಯೊದ ಕೊನೆಯಲ್ಲಿ ಜಾಹೀರಾತಿಗಾಗಿ ಸಂಪರ್ಕಿಸಿ ಎಂದು ಒಂದು ಸಂಖ್ಯೆ ಇತ್ತು. ಅದು ನನ್ನನ್ನು ಮಂಗಳವಾರ ರಾಣೆಬೆನ್ನೂರಿನ ಒಂದು ಫ್ಲೆಕ್ಸ್ ಅಂಗಡಿಗೆ ಕರೆದೊಯ್ಯಿತು. ಆ ಪೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಕೈಯಿಂದ ಇನ್ನೊಬ್ಬ ನೋಡುಗ ಹೋಗಬಾರದು. ಅಂಗಡಿಯವನು ನಲವತ್ತರ ಆಸುಪಾಸಿನವನು, ಹಣೆಗೆ ವಿಭೂತಿ, ಮೆತ್ತನೆಯ ಮಾತು.

"ಬರ್ರಿ ಹಿರಿಯಾರ. ಬ್ಯಾನರ್ ಏನ್ರಿ? ಹುಟ್ಟುಹಬ್ಬದ್ದೋ, ಶ್ರದ್ಧಾಂಜಲಿದೋ?"

"ಶ್ರದ್ಧಾಂಜಲಿದು. ಯಾರದಂತ ಇನ್ನೂ ಗೊತ್ತಾಗಿಲ್ಲ," ಎಂದೆ.

ನನ್ನ ಹೆಸರು ಹೇಳಿದೊಡನೆ ಅವನು ಎದ್ದು ನನ್ನ ಕಾಲು ಮುಟ್ಟಿದ. ಬೈಯಲೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳು ಅಲ್ಲಿಯೇ ಚದುರಿದವು. ಅವನು ಕಂಪ್ಯೂಟರಿನಲ್ಲಿ ನನ್ನ ಪುಸ್ತಕದ ಪುಟಗಳ ಫೋಟೊಗಳನ್ನು ತೆರೆದು ತೋರಿಸಿದ.

"ನಿಮ್ಮ ಪುಸ್ತಕನ ಆಧಾರ ರೀ ಸರ್. ಹಳೇ ಪುಸ್ತಕದ ಅಂಗಡ್ಯಾಗ ಸಿಕ್ತು. ಪುಟ ಪುಟ ಫೋಟೊ ಹೊಡದು ಎಐಗೆ ಹಾಕಿದೆ, ಮೂರು ನಿಮಿಷದ ಕಥಿ ಮಾಡು ಅಂದೆ. ಮಾಡ್ತು."

"ಗಂಟೆಯವರು ದ್ರೋಹ ಮಾಡಿದ್ರಂತ ನನ್ನ ಪುಸ್ತಕದಾಗ ಎಲ್ಲಿ ಐತಿ?"

"ಮೊದ್ಲ ಮಾಡಿದ ವಿಡಿಯೊದಾಗ ದ್ರೋಹಿ ಇರಲಿಲ್ರಿ. ಅದು ಓಡಲಿಲ್ಲ. ಒಬ್ಬ ದ್ರೋಹಿನ್ನ ಹಾಕು ಅಂದೆ. ಅದ ಹುಡುಕಿ ಹಾಕ್ತು. ನಾ ಒಂದಕ್ಷರ ಬರದಿಲ್ರಿ ಸರ್, ಅದ ಬರೀತು. ಆದ್ರ ಸುಮ್ಮನ ಬರದಿಲ್ಲ, ನೋಡ್ರಿ ಇಲ್ಲಿ."

ಅವನು ಬೆರಳಿಟ್ಟ ಸಾಲು ನನ್ನದು: "ಈ ಕಲ್ಲಿಗೆ ಎಣ್ಣೆ ಹಾಕುವ ಹಕ್ಕು ಗಂಟೆಯವರ ಮನೆತನದ್ದು. ಇದು ಯಾವುದೋ ಹಳೆಯ ಪ್ರಾಯಶ್ಚಿತ್ತವಿರಬಹುದೇ?"

ಯಂತ್ರವು ನನ್ನ ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ತೆಗೆದುಹಾಕಿತ್ತು. ಮೂವತ್ತು ವರ್ಷಗಳ ಹಿಂದೆ ಆ ಸಾಲನ್ನು ನಾನು ಯಾಕೆ ಬರೆದೆನೆಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಆಧಾರವೇನೂ ಇರಲಿಲ್ಲ. ಪುಟದ ಕೊನೆಯಲ್ಲಿ ಜಾಗ ಉಳಿದಿತ್ತು.

"ಆ ಹೆಣ್ಣುಮಗಳ ಅನ್ನ ಹೊಂಟೈತಿ," ಎಂದೆ. "ವಿಡಿಯೊ ತಗಿ. ತಪ್ಪಾತಂತ ಹಾಕು."

"ತಗದ್ರ ಪೇಜ್ ಕೆಳಗ ಬೀಳ್ತೈತ್ರಿ. ಒಂದು ಕೆಲಸ ಮಾಡೋಣ, ಎರಡನೇ ಭಾಗ ಮಾಡತೀನಿ. ಗಂಟೆಯವರು ನಿರಪರಾಧಿ ಅಂತ ಹೇಳಿಸಿ, ದ್ರೋಹಿನ್ನ ಬ್ಯಾರೆ ಊರಿಗೆ ಹಾಕತೀನಿ. ಬಾಜೂ ಊರಾಗ ಕೊಂಬಿನವರಂತ ಒಂದು ಮನಿ ಐತೆಲ್ರಿ, ಕೊಂಬು ಊದೋರು? ಅವರಿಗೆ ಹಾಕಿದ್ರ ಕಥಿಗೂ ಕೂಡತೈತಿ." ಅವನು ಇದನ್ನು ನನಗೆ ಉಪಕಾರ ಮಾಡುವವನಂತೆ ಹೇಳಿದ. "ಚಿಕ್ಕವ್ವನ ಮೂರ್ತಿ ಮಾಡಸಬೇಕಂತ ಊರವರು ಮಾತಾಡಾಕತ್ತಾರ. ಮೂರ್ತಿ ಕೆಳಗ ನಿಮ್ಮ ಹೆಸರು ಬರತೈತಿ ಸರ್."

ಆ ಗಳಿಗೆಯಲ್ಲಿ ಆ ಮನುಷ್ಯನನ್ನು ಮುರಿಯಬೇಕೆಂದು ನಿಶ್ಚಯಿಸಿದೆ. ಮುರಿಯುವುದು ಹೇಗೆಂದು ಮಾತ್ರ ತಿಳಿದಿರಲಿಲ್ಲ. "ವಿಚಾರ ಮಾಡಿ ಹೇಳತೇನಿ," ಎಂದು ಎದ್ದು ಬಂದೆ.

ಬಸ್ಸಿನಲ್ಲಿ ಕುಳಿತಾಗ, ಆ ಕಲ್ಲನ್ನೇ ಮತ್ತೊಮ್ಮೆ ಎಲ್ಲರೆದುರು ಓದಿ ತೋರಿಸುವ ಉಪಾಯ ಹೊಳೆಯಿತು. ಅದರ ಜೊತೆಗೆ, ಬಹುಕಾಲ ನಾನು ಅದುಮಿಟ್ಟಿದ್ದ ಒಂದು ಸಂಶಯವೂ ತಲೆಯೆತ್ತಿತು. ಗಂಟೆಯವರ ದ್ರೋಹ ಸುಳ್ಳು, ಸರಿ. ಚಿಕ್ಕವ್ವೆ ನಿಜವೇ?

ಅವಳನ್ನು ಜಗತ್ತಿಗೆ ತಂದವನು ನಾನು. ವೀರಗಲ್ಲಿನ ನಡುವಿನ ಹಂತದಲ್ಲಿ ವೀರನ ಎರಡು ಪಕ್ಕದಲ್ಲಿ ಹೆಣ್ಣುರೂಪಗಳಿರುತ್ತವೆ. ಅವು ಅವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರೆಂಬುದು ಎಲ್ಲ ವಿದ್ವಾಂಸರೂ ಒಪ್ಪಿದ ಮಾತು. ಎಲ್ಲರೂ ಒಪ್ಪಿದ್ದಾರೆಂಬ ಕಾರಣಕ್ಕೇ ನಾನು ಒಪ್ಪಿರಲಿಲ್ಲ. ಆ ಊರಿನ ಕಲ್ಲಿನಲ್ಲಿ ಒಂದು ರೂಪ ಎಳೆಯ ಹುಡುಗಿಯಂತೆ ಕಂಡಿತ್ತು. ಕೆಳಗಿನ ಬರಹದಲ್ಲಿ "ಬೊಪ್ಪ" ಎಂಬುದು ಸ್ಪಷ್ಟವಿತ್ತು. ಮುಂದೆ "ತುಱುವ", ಅಂದರೆ ದನಗಳನ್ನು. ಅದರ ಮುಂದೆ "ಮಗಳ್ಚಿ", ಅಲ್ಲಿಗೆ ಕಲ್ಲಿನ ಅಂಚು ಮುರಿದಿತ್ತು. "ಮಗಳ್" ಎಂದು ಒಡೆದುಕೊಂಡೆ. ಉಳಿದ "ಚಿ"ಗೆ ಒಂದು ಹೆಸರು ಬೇಕಾಗಿತ್ತು. ಚಿಕ್ಕವ್ವೆ ಎಂದು ತುಂಬಿದೆ. ವಿದ್ವಾಂಸರು ಕಾಣದ್ದನ್ನು ಏಳನೆಯ ಇಯತ್ತೆಯ ಮೊಳೆಗಾರ ಕಂಡನೆಂಬ ಹೆಮ್ಮೆಯಿಂದ ಅಚ್ಚು ಹಾಕಿಸಿದೆ.

ಹನ್ನೆರಡು ವರ್ಷಗಳ ಅನಂತರ ಬೇರೊಂದು ಕಲ್ಲನ್ನು ಓದುವಾಗ "ತುಱುವ ಮಗುಳ್ಚಿ" ಎಂಬ ಮಾತು ಸಿಕ್ಕಿತು. ಮಗುಳ್ಚಿ ಎಂದರೆ ಹಿಂದಿರುಗಿಸಿ. ದನಗಳನ್ನು ಹಿಂದಿರುಗಿಸಿ ಸತ್ತ ಎಂಬುದು ತುರುಗಾಳಗದ ಕಲ್ಲುಗಳಲ್ಲಿ ಬರುವ ಮಾತೇ. ಅಂದೇ ನನ್ನ "ಮಗಳ್ಚಿ" ನೆನಪಾಗಿತ್ತು. ಹೋಗಿ ನೋಡಬಹುದಾಗಿತ್ತು, ಹಾವೇರಿಯಿಂದ ಒಂದು ತಾಸಿನ ದಾರಿ. ಹೋಗಲಿಲ್ಲ. ಊರಿನವರೆಲ್ಲರ ಬರಹಗಳಲ್ಲಿ ತಪ್ಪು ಹುಡುಕಿ ಪತ್ರ ಬರೆಯುತ್ತಿದ್ದ ನಾನು ಆ ಒಂದು ಊರಿನ ಬಸ್ಸು ಮಾತ್ರ ಹತ್ತಲಿಲ್ಲ.

ಬುಧವಾರ ಹತ್ತಿದೆ. ಚೀಲದಲ್ಲಿ ಅಚ್ಚು ತೆಗೆಯುವ ಕಾಗದ, ಗಟ್ಟಿ ಕೂದಲಿನ ಬ್ರಷ್, ಕಾಡಿಗೆಯ ಮಸಿ, ಮಸಿ ಒತ್ತುವ ಬಟ್ಟೆಯ ಉಂಡೆ, ಒಂದು ಮುಖ ನೋಡುವ ಕನ್ನಡಿ. ಕಲ್ಲಿನ ಬಳಿ ಗಂಟೆಯವರ ಸೊಸೆ ಕಾದಿದ್ದಳು. ನನ್ನ ಹಿಂದೆಯೇ ಶಾಲಾ ಸಮಿತಿಯ ಅಧ್ಯಕ್ಷ ಬಂದ. ಊರಿನಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡ ದಪ್ಪ ಮೀಸೆಯ ಮನುಷ್ಯ.

"ಅಜ್ಜಾರ, ನೀವು ಬೇಕಾದ್ದು ಮಾಡ್ರಿ, ನಿಮ್ಮ ಪುಸ್ತಕದಿಂದನ ನಮ್ಮೂರು ಫೇಮಸ್ ಆಗೈತಿ. ಆದ್ರ ಆಕಿ ಕಲ್ಲು ಮುಟ್ಟಂಗಿಲ್ಲ."

ಕಲ್ಲಿನ ಬರಹದ ಮೇಲೆ ತಲೆಮಾರುಗಳ ಎಣ್ಣೆ ಮತ್ತು ಧೂಳು ಸೇರಿ ಬೆರಳ ದಪ್ಪದ ಕರಿ ಹಕ್ಕಳೆ ಕಟ್ಟಿತ್ತು. ಅದನ್ನು ತೆಗೆಯದೆ ಓದುವಂತಿರಲಿಲ್ಲ. ಆ ಊರಲ್ಲಿ ಒಂದು ನಂಬಿಕೆ: ಗಂಟೆಯವರ ಕೈ ಬಿಟ್ಟು ಬೇರೆ ಯಾರಾದರೂ ಆ ಎಣ್ಣೆ ತೊಳೆದರೆ ಅವರ ಮನೆಯ ಹೈನು ಬತ್ತುತ್ತದೆ.

"ಹಂಗಾರ ನೀನ ತೊಳಿಯಪಾ," ಎಂದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಮ್ಮನಿ ಎಮ್ಮಿ ಈಗಷ್ಟ ಕರ ಹಾಕೇತ್ರಿ."

"ದ್ರೋಹಿ ವಂಶದವರು ತೊಳದ್ರ ನಿನ್ನ ಎಮ್ಮಿಗೇನೂ ಆಗಂಗಿಲ್ಲ, ನೀ ತೊಳದ್ರ ಆಗತೈತಿ. ಇದು ಯಾವ ನ್ಯಾಯದ ದ್ರೋಹ?"

"ನಿಮಗೇನ ಕೊಂಬ ಬಂದಾವೇನ್ರಿ ಅಜ್ಜಾರ, ಹಿಂಗ ತಿವ್ಯಾಕ?" ಎಂದು ಗೊಣಗಿದನಾದರೂ ಅವನು ಏರಿಯ ಮೇಲೆ ಹೋಗಿ, ನಮಗೆ ಬೆನ್ನು ತಿರುಗಿಸಿ ಕುಳಿತ. ನೋಡದಿದ್ದರೆ ತಡೆಯಬೇಕಾಗಿರಲಿಲ್ಲ.

ಅವಳು ಮನೆಯಿಂದ ಬಿಸಿನೀರೂ ಸೀಗೆಪುಡಿಯೂ ತಂದಿದ್ದಳು. ತಲೆಗೆ ಎರೆಯುವ ಹಾಗೆಯೇ ಕಲ್ಲಿಗೆ ಸೀಗೆ ಹಚ್ಚಿ, ನೆನೆಯಲು ಬಿಟ್ಟು, ಮೆತ್ತಗಾದ ಹಕ್ಕಳೆಯನ್ನು ಬಿದಿರಿನ ಸೀಳಿನಿಂದ ಎಬ್ಬಿಸತೊಡಗಿದಳು. ನಾನು ಅವಸರಿಸಿದಾಗ ತಡೆದಳು.

"ತಡೀರಿ. ನೀವು ಆವತ್ತು ಬಂದಾಗೂ ಹಿಂಗ ಅವಸರ ಮಾಡಿದ್ರೆಂತ. ನಮ್ಮತ್ತಿ ಹೇಳತಿದ್ಲು. ತೊಳದು ಓದು ತಮ್ಮಾ ಅಂದ್ರ, ರಾಣೆಬೆನ್ನೂರ ಬಸ್ ಹೊಕ್ಕೈತಿ ಅಂತ ಸುಣ್ಣದಪುಡಿ ಒರಸಿ, ಬರಕೊಂಡು ಓಡಿದ್ರೆಂತ."

ಅದು ಸತ್ಯವಾಗಿತ್ತು. ಆ ಅತ್ತೆ ಕೊಟ್ಟ ಮಜ್ಜಿಗೆಯನ್ನೂ ನಾನು ಅರ್ಧ ಕುಡಿದು ಇಟ್ಟಿದ್ದೆ.

ಹನ್ನೊಂದು ಗಂಟೆಗೆ ಕಲ್ಲು ಬಿಳುಪಾಯಿತು. ಬಿಸಿಲು ಕಲ್ಲಿನ ಎದುರಿಗೆ ನೇರವಾಗಿ ಬಿದ್ದರೆ ಅಕ್ಷರಗಳು ಕಾಣವು. ಬೆಳಕು ಓರೆಯಾಗಿ ಬರಬೇಕು. ಕನ್ನಡಿಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಹಿಡಿಸಿದೆ. ಬೆಳಕಿನ ಪಟ್ಟಿ ಬರಹದ ಮೇಲೆ ನಿಧಾನವಾಗಿ ಸರಿಯಿತು. ಬೊಪ್ಪ. ತುಱುವ. ಮ. ಅನಂತರ ಗ. ಆ ಗಕಾರದ ಬಲಗಡೆ ಕೆಳಕ್ಕಿಳಿದು ಮೇಲಕ್ಕೆ ಬಾಗಿದ ಒಂದು ಗೀರು. ನಾವು ಅದಕ್ಕೆ ಕೊಂಬು ಎನ್ನುತ್ತೇವೆ. ಗ ಅಲ್ಲ, ಗು. ಅಚ್ಚುಕೂಟದಲ್ಲಿ ಗ ಇರುವ ಖಾನೆ ಬೇರೆ, ಗು ಇರುವ ಖಾನೆ ಬೇರೆ. ಕಣ್ಣು ಮುಚ್ಚಿಯೂ ತಪ್ಪದ ಕೈ ಇದು. ದನಗಳನ್ನು ಬಿಡಿಸಿದವನ ಕಲ್ಲಿನಲ್ಲಿ ನಾನು ಕಾಣದೆ ಹೋದದ್ದು ಒಂದು ಕೊಂಬು.

"ಏನಂತ ಐತ್ರಿ?" ಎಂದಳು.

"ಬೊಪ್ಪ ದನ ತಿರುಗಿಸಿಕೊಂಡು ಬಂದು ಸತ್ತ. ಅಷ್ಟ ಐತಿ."

"ಮತ್ತ ಚಿಕ್ಕವ್ವ?"

ನಾನು ಕಾಗದ ತೋಯಿಸಲು ಹೊರಳಿದೆ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್‌ನಿಂದ ಬಡಿದು, ಪ್ರತಿಯೊಂದು ಗೀರಿನೊಳಗೂ ಅದು ಇಳಿಯುವಂತೆ ಮಾಡಿ, ಅರೆ ಒಣಗಿದ ಮೇಲೆ ಮಸಿಯುಂಡೆಯನ್ನು ಹಗುರಾಗಿ ಒತ್ತುತ್ತ ಹೋದೆ. ಮಸಿ ಕಾಗದದ ಮೇಲೆ ನಿಲ್ಲಬೇಕು, ಕಲ್ಲಿಗೆ ತಾಗಕೂಡದು. ಕಪ್ಪಿನ ನಡುವೆ ಅಕ್ಷರಗಳು ಬಿಳಿಯಾಗಿ ಎದ್ದವು. ಕೊಂಬು ಎಲ್ಲಕ್ಕಿಂತ ಆಳವಾಗಿತ್ತು. ಎಣ್ಣೆ ಅದನ್ನು ಗಾಳಿ ಮಳೆಯಿಂದ ಕಾಪಾಡಿತ್ತು.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ಗುರುವಾರದ ಸಭೆಯಲ್ಲಿ ಪುಸ್ತಕ ಬರೆದವನೆಂಬ ಅಧಿಕಾರದಿಂದ ಗಂಟೆಯವರು ನಿರ್ದೋಷಿಗಳೆಂದು ಹೇಳಿಬಿಟ್ಟರೆ ಸಾಕಾಗುತ್ತಿತ್ತು. ಅವಳ ಕೆಲಸ ಉಳಿಯುತ್ತಿತ್ತು. ನನ್ನ ಹೆಸರೂ ಮೂರ್ತಿಯೂ ಉಳಿಯುತ್ತಿದ್ದವು. ಆದರೆ ಆ ಫ್ಲೆಕ್ಸಿನವನೂ ಉಳಿಯುತ್ತಿದ್ದ, ಎರಡನೆಯ ಭಾಗದಲ್ಲಿ ಕೊಂಬಿನವರ ಮನೆಯ ಬಾಗಿಲಿಗೆ ಹೋಗುತ್ತಿದ್ದ. ಅವನ ಕಥೆಯನ್ನು ಬುಡಸಹಿತ ಕೀಳಬೇಕೆಂದರೆ ಬುಡದಲ್ಲಿದ್ದ ನನ್ನನ್ನೂ ಕೀಳಬೇಕಾಗಿತ್ತು. ನ್ಯಾಯಕ್ಕಾಗಿ ಎರಡನೆಯ ದಾರಿ ಹಿಡಿದೆನೆಂದು ಹೇಳಿಕೊಳ್ಳಲಾರೆ. ಅವನು ನನ್ನ ಕಾಲು ಮುಟ್ಟಿದ್ದನ್ನು ನೆನೆದರೆ ಮೈ ಉರಿಯುತ್ತಿತ್ತು.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. "ನಾಳೆ ಹತ್ತಕ್ಕ ಸಾಲಿ ಮುಂದ ನಾನ ಶಾಸನ ಓದತೇನಿ. ನಿನ್ನ ಪೇಜಿನಾಗ ಲೈವ್ ಮಾಡತೀಯೇನು?"

"ಸರ್! ನಿಮ್ಮ ಪಾದಕ್ಕ... ಬ್ಯಾನರ್ ನಂದ ರೀ, ನೀವೇನೂ ಕೊಡಬ್ಯಾಡ್ರಿ."

ಗುರುವಾರ ನಾನು ಬಸ್ಸಿಳಿಯುವಾಗ ಶಾಲೆಯ ಕಂಪೌಂಡಿಗೆ ಬ್ಯಾನರ್ ಕಟ್ಟಿಯಾಗಿತ್ತು. ಒಂದು ಪಕ್ಕದಲ್ಲಿ ಕುದುರೆಯ ಮೇಲಿನ ಚಿಕ್ಕವ್ವೆ, ಇನ್ನೊಂದು ಪಕ್ಕದಲ್ಲಿ ನಾನು; ಎಐ ನನಗೆ ದಟ್ಟ ಕರಿಗೂದಲನ್ನೂ ಜರಿಯ ಶಾಲನ್ನೂ ದಯಪಾಲಿಸಿತ್ತು. ಕೆಳಗೆ "ವೀರವನಿತೆಯನ್ನು ಬೆಳಕಿಗೆ ತಂದ ಮೂಲ ಸಂಶೋಧಕರಿಂದ ಶಾಸನ ವಾಚನ". ಅದನ್ನು ತೆಗೆಸಬಹುದಾಗಿತ್ತು. ತೆಗೆಸಲಿಲ್ಲ. ಅವನು ಹಿಂದಿನ ದಿನದಿಂದ ಪೇಜಿನಲ್ಲಿ ಸಾರಿ ಸಾರಿ ಜನ ಕೂಡಿಸಿದ್ದ; ಎಷ್ಟು ಜನ ಕೂಡಿದರೆ ಅಷ್ಟು ಒಳ್ಳೆಯದೆಂದು ನಾನೂ ಕಾದೆ. ಊರವರು, ಸಮಿತಿಯವರು, ಸಾಲಾಗಿ ಕುಳಿತ ಮಕ್ಕಳು. ಅಡುಗೆ ಕೋಣೆಯ ಬಾಗಿಲಲ್ಲಿ ಅವಳು.

ಫ್ಲೆಕ್ಸಿನವನು ಮೊಬೈಲನ್ನು ಮೂರುಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ ನನಗೆ ಕೈಸನ್ನೆ ಮಾಡಿದ. ನಾನು ಅಚ್ಚು ತೆಗೆದ ಕಾಗದವನ್ನು ಕರಿಹಲಗೆಗೆ ತೂಗುಹಾಕಿ, ಪಕ್ಕದಲ್ಲಿ ಅದೇ ಅಕ್ಷರಗಳನ್ನು ಇಂದಿನ ಕನ್ನಡದಲ್ಲಿ ದೊಡ್ಡದಾಗಿ ಬರೆದೆ. ಮಕ್ಕಳನ್ನು ಓದಲು ಹೇಳಿದೆ. ನಾಲ್ಕನೆಯ ಇಯತ್ತೆಯ ಸಾಲು ಒಕ್ಕೊರಲಿನಿಂದ ಕೂಗಿತು: "ಮ! ಗ ಕೊಂಬು ಗು! ಳ್ಚಿ! ಮಗುಳ್ಚಿ!"

"ಮೂವತ್ತು ವರ್ಷದ ಹಿಂದ ನಾನು ಈ ಕೊಂಬು ಕಾಣಲಿಲ್ಲ," ಎಂದೆ. "ಕಲ್ಲು ತೊಳೀಲಿಲ್ಲ. ಬಸ್ಸಿನ ಅವಸರ ಇತ್ತು. ಮಗುಳ್ಚಿ ಅಂದ್ರ ತಿರುಗಿಸಿ. ಬೊಪ್ಪ ದನ ತಿರುಗಿಸಿ ಸತ್ತ. ಈ ಕಲ್ಲಿನಾಗ ಮಗಳಿಲ್ಲ. ಚಿಕ್ಕವ್ವನ್ನ ಹುಟ್ಟಿಸಿದವ ನಾನು. ಆಕಿ ಸುಳ್ಳು."

ಗುಂಪಿನಲ್ಲಿ ಗುಜುಗುಜು ಎದ್ದಿತು. ಅವನು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದ.

"ಸರ್, ಲೈವ್ ಐತ್ರಿ, ಏನ ಹೇಳಾಕತ್ತೀರಿ?"

"ಲೈವ್ ಐತಂತನ ಹೇಳಾಕತ್ತೇನಿ. ಮಗಳ ಸುಳ್ಳಾದ ಮ್ಯಾಲೆ ಆಕಿಗೆ ದ್ರೋಹ ಮಾಡಿದವರು ಎಲ್ಲಿಂದ ಬಂದ್ರು, ಊರವರಿಗೆ ಹೇಳು. ಮೊದ್ಲಿನ ವಿಡಿಯೊದಾಗ ದ್ರೋಹಿ ಇರಲಿಲ್ಲ ಅಂದ್ಯಲ್ಲ, ಅದನ್ನೂ ಹೇಳು."

ಅವನ ಕೈ ಮೊಬೈಲಿನತ್ತ ಹೋಯಿತು. ಅದಕ್ಕೂ ಮೊದಲೇ ಅಧ್ಯಕ್ಷನ ಕೈ ಅವನ ಮಣಿಕಟ್ಟಿನ ಮೇಲೆ ಬಿದ್ದಿತ್ತು. ಇಡೀ ಊರನ್ನು ತಾನೇ ಎಬ್ಬಿಸಿ ಒಬ್ಬ ಹೆಣ್ಣುಮಗಳ ಮೇಲೆ ಬಿಟ್ಟಿದ್ದವನಿಗೆ ಈಗ ಸಿಟ್ಟು ಹಾಕಲು ಬೇರೊಂದು ಜಾಗ ಬೇಕಾಗಿತ್ತು. "ಬಂದ್ ಮಾಡಬ್ಯಾಡಲೇ. ಹೇಳು."

"ನಾ ಬರದಿಲ್ರಿ," ಎಂದ ಅವನು ಎಲ್ಲರ ಕಡೆಗೂ ಕೈಮುಗಿದು. "ದ್ರೋಹಿ ಹಾಕು ಅಂದಿದ್ದು ಖರೇ. ಯಾರನ್ನ ಅಂತ ನಾ ಹೇಳಿಲ್ಲ. ಅದ ಬರೀತು."

ಅಡುಗೆ ಕೋಣೆಯ ಬಾಗಿಲಿನಿಂದ ಅವಳ ದನಿ ಬಂತು. "ಅದು ಅದು ಅಂತೀರಲ್ರಿ, ಅದಕ್ಕ ಮನಿ-ಮಾರಿ ಇಲ್ಲೇನು? ನಮ್ಮ ಮನಿ ಹೆಸರ ಮಾತ್ರ ಅದಕ್ಕ ಬರೋಬ್ಬರಿ ಗೊತ್ತಾತಲ್ಲ!"

ನಕ್ಕವರು ಕೆಲವರು. ಮಕ್ಕಳಲ್ಲಿ ಒಬ್ಬ ಅಭ್ಯಾಸಬಲದಿಂದ ತಾಟಿಗೆ ಚಮಚ ಹೊಡೆದ. ಅಧ್ಯಕ್ಷ ತಿರುಗಿ ನೋಡಿದ್ದಕ್ಕೆ ಚಮಚವನ್ನು ಬೆನ್ನ ಹಿಂದೆ ಅಡಗಿಸಿದ. ಆ ದಿನದ ಸಭೆಯಲ್ಲಿ ಅವಳ ವಿಷಯ ಬರಲೇ ಇಲ್ಲ. ಮಧ್ಯಾಹ್ನ ಅವಳೇ ಬಡಿಸಿದಳು.

ನನ್ನ ಸೇಡು ಅಷ್ಟಕ್ಕೆ ತೀರಲಿಲ್ಲ. ವಿಡಿಯೊ ಅಳಿಸುವುದು ಸಾಲದು, ಮೊದಲಿನ ಬ್ಯಾನರಿನಷ್ಟೇ ಅಗಲದ ತಪ್ಪೊಪ್ಪಿಗೆಯನ್ನು ಅವನೇ ಮುದ್ರಿಸಿ ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಕಟ್ಟಬೇಕೆಂದು ಹಿರಿಯರಿಂದ ಹೇಳಿಸಿದೆ. ಒಕ್ಕಣೆ ನನ್ನದು, ಕರಡು ತಿದ್ದುವುದೂ ನನ್ನದು. ಮೊದಲನೆಯ ಸಲ "ಮಗುಳ್ಚಿ"ಯ ಒತ್ತು ತಪ್ಪಿತ್ತು. ರಾಣೆಬೆನ್ನೂರಿಗೆ ತಿರುಗಿ ಕಳಿಸಿದೆ. ಎರಡನೆಯ ಸಲ "ಕ್ಷಮೆ"ಯಲ್ಲಿ ಷಕಾರ ಹೋಗಿ "ಕಮೆ" ಆಗಿತ್ತು, ಅದನ್ನೂ ಕಳಿಸಿದೆ. ಮೂರನೆಯ ಸಲ ಒಂದು ತಪ್ಪೂ ಇರಲಿಲ್ಲ. ಆದರೂ ಕಳಿಸಿದೆ. ನಾಲ್ಕನೆಯದು ಅಗಸಿಗೆ ಏರಿತು. ಪೇಜು ಈಗ ಇಲ್ಲ. ಅವನು ಬೇರೊಂದನ್ನು ತೆರೆದಿರಬಹುದು. ತೆರೆದರೆ ನಾನು ಕಂಡುಹಿಡಿಯುತ್ತೇನೆ. ಲೈವಿನ ತುಣುಕನ್ನು ಕತ್ತರಿಸಿ "ವೀರವನಿತೆಗೆ ಅವಮಾನ ಮಾಡಿದ ಮುದುಕ" ಎಂದು ಯಾರೋ ಹರಿಬಿಟ್ಟಿದ್ದಾರೆ. ಬಯ್ಗುಳಗಳನ್ನೆಲ್ಲ ಓದಿದೆ. ಕಾಗುಣಿತದ ತಪ್ಪುಗಳೇ ಹೆಚ್ಚು.

ಆಮೇಲಿನ ವಾರ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿದೆ: "ಮಗಳ್ ಚಿಕ್ಕವ್ವೆ ಎಂಬುದು ತಪ್ಪು, ಮಗುಳ್ಚಿ ಎಂದು ಓದಬೇಕು." ಹಾವೇರಿಯಲ್ಲಿ, ಹೊಸರಿತ್ತಿಯಲ್ಲಿ, ನನ್ನ ಪುಸ್ತಕ ಇರುವುದೆಂದು ಗೊತ್ತಿರುವ ಕಡೆಗೆಲ್ಲ ಹೋಗಿ, ನಾನೇ ಅಂಟು ಹಚ್ಚಿ ಪ್ರತಿಯೊಂದರಲ್ಲೂ ಆ ಚೀಟಿ ಅಂಟಿಸಿದೆ. ಉಳಿದದ್ದು ಅವಳ ಪ್ರತಿ. ಅಮಾವಾಸ್ಯೆಯ ಬೆಳಿಗ್ಗೆ ಅದಕ್ಕೂ ಚೀಟಿ ಅಂಟಿಸಲು ಆ ಊರಿಗೆ ಹೋದೆ. ಅವಳು ಮಡಿಯುಟ್ಟು, ಎಣ್ಣೆಯ ಗಿಂಡಿ ಹಿಡಿದು ಕಲ್ಲಿನ ಮುಂದೆ ನಿಂತ ಹೊತ್ತು. ತಡೆಯುವವರು ಯಾರೂ ಇರಲಿಲ್ಲ. ಅಧ್ಯಕ್ಷನ ಎಮ್ಮೆಯ ಮೊದಲ ಬೆಣ್ಣೆಯೂ ಕಲ್ಲಿನ ಮುಂದಿತ್ತು.

ಅವಳ ಪುಸ್ತಕಕ್ಕೆ ನಾನು ಅಂಟಿಸಿಕೊಟ್ಟ ಚೀಟಿಯನ್ನು ಅವಳು ಓದಿದಳು.

"ಚಿಕ್ಕವ್ವನ ಹೆಸರ ತಗೊಂಡು ಮೂವತ್ತು ವರ್ಷ ಎಣ್ಣಿ ಹಾಕೇವ್ರಿ. ನಮ್ಮತ್ತಿ ನಿಮ್ಮ ಪುಸ್ತಕ ನಂಬಿದ್ಲು. ನೀವ ಹುಟ್ಟಿಸಿದ್ರಿ, ನೀವ ಕೊಂದ್ರಿ. ಇರಲಿ." ಅದೇ ಪುಟದಲ್ಲಿ, ನನ್ನ ಚೀಟಿಯಿಂದ ಮೂರು ಬೆರಳು ಕೆಳಗೆ, ಪುಟದ ಕೊನೆಯ ಸಾಲಿನ ಮೇಲೆ ಉಗುರಿಟ್ಟಳು. "ಇದು?"

ಪ್ರಾಯಶ್ಚಿತ್ತವಿರಬಹುದೇ?

ಎಲ್ಲ ಪ್ರತಿಗಳಲ್ಲೂ ಆ ಸಾಲು ಹಾಗೆಯೇ ಇತ್ತು. ಸಾವಿರ ವರ್ಷದ ಹಿಂದಿನ ಕೊಂಬನ್ನು ತಿದ್ದಿದ್ದೆ, ಫ್ಲೆಕ್ಸಿನವನನ್ನು ಮೂರು ಸಲ ತಿದ್ದಿದ್ದೆ. ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಕಲ್ಲು ನಾ ತೊಳದೆ, ಅಜ್ಜಾರ," ಎಂದಳು. "ಇದನ್ನ ಯಾರು ತೊಳೀಬೇಕ್ರಿ?"

ಅವಳು ಗಿಂಡಿ ಬಗ್ಗಿಸಿದಳು. ಎಣ್ಣೆ ಬೊಪ್ಪನ ಹೆಸರಿನ ಮೇಲಿಳಿದು, ತುಱುವನ್ನು ದಾಟಿ, ಗುಕಾರದ ಕೊಂಬಿನೊಳಗೆ ತುಂಬಿ ನಿಂತಿತು. ನಾನು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ. ಉಳಿದ ಪ್ರತಿಗಳಿಗಾಗಿ ಹನ್ನೊಂದರ ಬಸ್ಸಿಗೇ ಹೊರಡುವವನಿದ್ದೆ. ಅವಳು ಮಜ್ಜಿಗೆ ತಂದಿದ್ದಳು. ಬಸ್ಸು ಹೋದರೂ ಕುಳಿತು ಪೂರ್ತಿ ಕುಡಿದೆ.